ಇಂಗ್ಲೆಂಡ್ ಡೈರಿ – 17: ಒಂದು ದಿನ, ನಾಲ್ಕು ಮಸೂತಿ, ಎರಡು ಸ್ಮಶಾನ

ಹೋದ ವಾರ ನಾನು ಹಾಕಿದ ಫೋಟೋಗಳಿಗೆ ಮೊದಲು ಬಂದ ಪ್ರಶ್ನೆ ನಮ್ಮ ಕಾಕಾನದು. "ಅಲ್ಲಬೇ ತಂಗಿ, ವಿಮಾನ ಹತ್ತಿ ಅಷ್ಟು ದೂರ ಹೋಗಿ ಮಸೂತಿ ನೋಡೂದು ಬೇಕಾಗಿತ್ತೇನು? ನಮ್ಮ ವಿಜಾಪುರದಾಗ ಕಡಿಮಿ ಅದಾವ?" ಅದರ ಕೆಳಗೆ ಹದಿನಾಲ್ಕು ಮಂದಿ ನಗುವ ಮುಖ ಒತ್ತಿದ್ದೀರಿ. ಯಾರ್ಯಾರು ಅಂತ ನೋಡಿಕೊಂಡಿದ್ದೀನಿ, ಊರಿಗೆ ಬಂದಾಗ ಚಾಕಲೇಟ್ ಹಂಚುವಾಗ ನೆನಪಿರುತ್ತೆ.

ಕಾಕಾನ ಪ್ರಶ್ನೆ ತಪ್ಪಲ್ಲ. ಗೋಳಗುಮ್ಮಟಕ್ಕೆ ಎಷ್ಟು ಸಲ ಹೋಗಿದ್ದೀನೋ ಲೆಕ್ಕವಿಲ್ಲ. ಮನೆಗೆ ಯಾರೇ ನೆಂಟರು ಬಂದರೂ ಕರೆದುಕೊಂಡು ಹೋಗಿ ಮೇಲೆ ನಿಂತು ಕೂಗಿಸುವ ಕೆಲಸ ನನ್ನದೇ ಇತ್ತು. ಆದರೆ ನಮ್ಮೂರ ಜಾಮಿ ಮಸೂತಿಯ ಒಳಗೆ ನಾನು ಒಂದು ಸಲವೂ ಕಾಲಿಟ್ಟಿಲ್ಲ. ಅದರ ಮುಂದೆಯೇ ಸೈಕಲ್ ಹೊಡೆದುಕೊಂಡು ಐದು ವರ್ಷ ಟ್ಯೂಷನ್‌ಗೆ ಹೋಗಿದ್ದೀನಿ, ಒಳಗೆ ಹೋಗಬೇಕು ಅಂತ ಅನ್ನಿಸಿರಲೇ ಇಲ್ಲ. ಹಾಗಿದ್ದವಳು ಇಲ್ಲಿ ರಜೆ ಹಾಕಿ, ದುಡ್ಡು ಕೊಟ್ಟು, ಬೆಳಿಗ್ಗೆ ಏಳು ಗಂಟೆಗೆ ಬಸ್ ಹತ್ತಿ ಮಸೂತಿ ನೋಡಲು ಯಾಕೆ ಹೋದೆ ಅನ್ನುವುದಕ್ಕೆ ಒಂದು ಕಾರಣ ಇದೆ. ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅವ್ವಗೂ ಹೇಳಿಲ್ಲ.

ನಾನು ಇಲ್ಲಿಗೆ ಬಂದ ಮೊದಲ ವರ್ಷದ ಮಾತು. ನೈಟ್ ಡ್ಯೂಟಿ. ವಯಸ್ಸಾದ ಒಬ್ಬರು ಮುಸ್ಲಿಂ ರೋಗಿ, ಊರು ಹೆಸರು ಬೇಡ. ಬಂಧುಗಳ ಹೆಸರು ಬರೆಯುವ ಜಾಗ ಅವರ ಫೈಲಿನಲ್ಲಿ ಖಾಲಿ ಇತ್ತು. ಬೆಳಗಿನ ಜಾವ ಮೂರರ ಸುಮಾರಿಗೆ ಅವರಿಗೆ ಗೊತ್ತಾಯಿತು, ನಮಗೂ ಗೊತ್ತಿತ್ತು. ಕೈ ಸನ್ನೆ ಮಾಡಿ, ಮಕ್ಕಾ ಕಡೆ ನನ್ನನ್ನು ತಿರುಗಿಸಮ್ಮ ಅಂತ ಉರ್ದುವಿನಲ್ಲಿ ಕೇಳಿದರು. ನಮ್ಮ ವಿಜಾಪುರದ ಉರ್ದು ನನಗೆ ಬರುತ್ತಲ್ಲ, ಅರ್ಥವಾಯಿತು. ಮಂಚ ತಿರುಗಿಸಲು ಆಗಲಿಲ್ಲ, ಆಕ್ಸಿಜನ್ ಗೋಡೆಯಿಂದ ಬರುತ್ತಿತ್ತು. ಬೆನ್ನಿಗೆ ದಿಂಬು ಕೊಟ್ಟು ಮಗ್ಗುಲಾಗಿಸಿ, ಮುಖವನ್ನು ಕಿಟಕಿಯ ಕಡೆ ಮಾಡಿದೆ. ಕಿಟಕಿ ಇದ್ದದ್ದು ಪಶ್ಚಿಮಕ್ಕೆ. ಐದು ಗಂಟೆಗೆ ಹೋದರು.

ಯಾಕೆ ಪಶ್ಚಿಮ? ನಮ್ಮೂರಲ್ಲಿ ನಮಾಜು ಮಾಡುವವರು ಮುಖ ಮಾಡುವುದು ಪಶ್ಚಿಮಕ್ಕೆ. ಚಿಕ್ಕಂದಿನಿಂದ ನೋಡಿದ್ದು ಅದೇ. ಮಕ್ಕಾ ಎಂದರೆ ಸೂರ್ಯ ಮುಳುಗುವ ಕಡೆ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಇಂಗ್ಲೆಂಡಿಗೆ ಬಂದ ಮೇಲೆ ನಾನೇ ಮಕ್ಕಾದ ಆ ಕಡೆ ದಾಟಿ ಬಂದಿದ್ದೀನಿ ಅನ್ನುವುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಇಲ್ಲಿಂದ ಮಕ್ಕಾ ಇರುವುದು ಆಗ್ನೇಯಕ್ಕೆ, ಉತ್ತರದಿಂದ ಬಲಕ್ಕೆ ಸುಮಾರು 119 ಡಿಗ್ರಿ. ನಮ್ಮ ಲೆಕ್ಕದಲ್ಲಿ ಅಡಿಗಿಮನಿ ದಿಕ್ಕು. ಬೆಳಿಗ್ಗೆ ಬಂದ ಆಸ್ಪತ್ರೆಯ ಮುಸ್ಲಿಂ ಧರ್ಮಗುರು ಅದನ್ನು ನೋಡಿದರು. ಏನೂ ಅನ್ನಲಿಲ್ಲ, ದಿಂಬು ಸರಿಸಿ ಮುಖವನ್ನು ನಿಧಾನಕ್ಕೆ ಈ ಕಡೆ ತಿರುಗಿಸಿದರು. ಆಗ ನನಗೆ ಗೊತ್ತಾಯಿತು. ನೀವು ಕೇಳಿಸಿಕೊಂಡಿರಲ್ಲ, ಅಷ್ಟು ಸಾಕು ಅಂದರು. ನನಗೆ ಸಾಕಾಗಲಿಲ್ಲ. ಈ ಟೂರಿನ ಬಗ್ಗೆ ಹೇಳಿದವರೂ ಅವರೇ, ಅದೂ ಎಷ್ಟೋ ವರ್ಷಗಳ ಮೇಲೆ.

ಇಪ್ಪತ್ತಾರು ಮಂದಿ ಇದ್ದೆವು. ಅರ್ಧಕ್ಕಿಂತ ಹೆಚ್ಚು ನಿವೃತ್ತರಾದ ಬಿಳಿಯರು, ಕೈಯಲ್ಲಿ ಫ್ಲಾಸ್ಕು. ಗೈಡ್ ಒಬ್ಬ ಹೆಣ್ಣುಮಗಳು, ಶಾಲೆಯಲ್ಲಿ ಇತಿಹಾಸ ಕಲಿಸುವವರು. ತಲೆಗೆ ಸ್ಕಾರ್ಫ್ ತರಲು ಮೊದಲೇ ಹೇಳಿದ್ದರು. ನಾನು ಅವ್ವ ಕೊಟ್ಟ ಇಳಕಲ್ ಸೀರೆಯ ಸೆರಗು ಕತ್ತರಿಸಿ ಹೊಲಿಸಿದ ದುಪಟ್ಟಾ ಹಾಕಿಕೊಂಡು ಹೋಗಿದ್ದೆ. (ಅವ್ವಾ, ಹಳೆ ಸೀರೆ, ಬಯ್ಯಬೇಡ.)

ಮೊದಲು ಹೋದದ್ದು ವೋಕಿಂಗ್ ಎಂಬ ಊರಿಗೆ. ಲಂಡನ್ನಿನಿಂದ ನೈರುತ್ಯಕ್ಕೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ರೈಲು ಹಳಿಯ ಪಕ್ಕದಲ್ಲೇ, ಪೈನ್ ಮರಗಳ ನಡುವೆ, ಹಸಿರು ಗುಮ್ಮಟದ ಒಂದು ಪುಟ್ಟ ಮಸೂತಿ. ಹೆಸರು ಶಾಜಹಾನ್ ಮಸೂತಿ. ತಾಜಮಹಲಿನ ಶಾಜಹಾನ್ ಅಲ್ಲ, ಭೋಪಾಲದ ರಾಣಿ ಶಾಜಹಾನ್ ಬೇಗಂ. ಕಟ್ಟಿದ್ದು 1889ರಲ್ಲಿ. ಮಸೂತಿ ಎಂದೇ ಪಾಯ ಹಾಕಿ ಕಟ್ಟಿದ ಬ್ರಿಟನ್ನಿನ ಮೊದಲ ಕಟ್ಟಡ ಇದು. ಅದೇ ಕಾಲಕ್ಕೆ ಲಿವರ್‌ಪೂಲಿನಲ್ಲಿ ವಿಲಿಯಂ ಕ್ವಿಲಿಯಂ ಎಂಬ ಮತಾಂತರಗೊಂಡ ವಕೀಲರು ಒಂದು ಮನೆಯಲ್ಲಿ ಮಸೂತಿ ನಡೆಸುತ್ತಿದ್ದರು. ಹಾಗಾಗಿ ಮೊದಲನೆಯದು ಯಾವುದು ಅಂತ ಎರಡೂ ಊರಿನವರು ಇಂದಿಗೂ ವಾದ ಮಾಡುತ್ತಾರಂತೆ. ಧಾರವಾಡ ಫೇಡೆ, ಬೆಳಗಾವಿ ಕುಂದಾ ಜಗಳದ ಹಾಗೆ.

ಕಟ್ಟಿಸಿದವನ ಕಥೆ ಕೇಳಿ. ಗಾಟ್‌ಲೀಬ್ ವಿಲ್ಹೆಲ್ಮ್ ಲೈಟ್ನರ್. 1840ರಲ್ಲಿ ಹಂಗೇರಿಯ ಪೆಸ್ಟ್ ನಗರದ ಯಹೂದಿ ಮನೆತನದಲ್ಲಿ ಹುಟ್ಟಿದವನು. ಭಾಷೆಗಳ ಹುಚ್ಚು. ಹದಿನೈದನೇ ವಯಸ್ಸಿಗೆ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆ ದುಭಾಷಿ. ಆಮೇಲೆ ಲಾಹೋರಿನ ಸರ್ಕಾರಿ ಕಾಲೇಜಿನ ಪ್ರಿನ್ಸಿಪಾಲ. 1882ರಲ್ಲಿ ಪಂಜಾಬ್ ವಿಶ್ವವಿದ್ಯಾಲಯ ಆಗುವುದಕ್ಕೂ ಅವನ ಓಡಾಟವೇ ದೊಡ್ಡದು. ಇಂಗ್ಲೆಂಡಿಗೆ ಮರಳಿ, ಮುದಿ ನಟರಿಗೆಂದು ಕಟ್ಟಿ ಪಾಳು ಬಿದ್ದಿದ್ದ ಒಂದು ಕಟ್ಟಡ ಕೊಂಡು, ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಅಂತ ಶುರು ಮಾಡಿದ. ಭಾರತದಿಂದ ಬಂದ ವಿದ್ಯಾರ್ಥಿಗಳು ತಮ್ಮ ಊಟ, ಪೂಜೆ, ನಮಾಜು ಬಿಡದೆ ಓದಬೇಕು ಅನ್ನುವುದು ಅವನ ಆಸೆ. ಮಸೂತಿಯ ಜೊತೆ ಒಂದು ದೇವಸ್ಥಾನ, ಒಂದು ಚರ್ಚು, ಒಂದು ಯಹೂದಿ ಪ್ರಾರ್ಥನಾ ಮಂದಿರ ಕಟ್ಟುವ ಯೋಚನೆಯೂ ಇತ್ತು ಅಂತ ಗೈಡ್ ಹೇಳಿದರು. ಆದದ್ದು ಮಸೂತಿ ಒಂದೇ. ದುಡ್ಡು ಕೊಟ್ಟ ಬೇಗಂ ಒಬ್ಬರೇ ಮಾತಿಗೆ ನಿಂತರು ಅಂತ ನನ್ನ ಲೆಕ್ಕ.

ಮಸೂತಿಯ ಪಕ್ಕದ ಮನೆಗೆ ಲೈಟ್ನರ್ ಇಟ್ಟ ಹೆಸರು ಸರ್ ಸಾಲಾರ್ ಜಂಗ್ ಸ್ಮಾರಕ ಭವನ. ಹೈದರಾಬಾದ್ ನಿಜಾಮನ ದಿವಾನರಾಗಿದ್ದ ಸಾಲಾರ್ ಜಂಗ್. ಕಲಬುರಗಿ, ಬೀದರ, ರಾಯಚೂರಿನ ನನ್ನ ಗೆಳತಿಯರೇ, ನಿಮ್ಮ ಮುತ್ತಜ್ಜಂದಿರು ಕಂದಾಯ ಕಟ್ಟಿದ ಸಂಸ್ಥಾನದ ದಿವಾನರ ಹೆಸರು ಇಂಗ್ಲೆಂಡಿನ ಈ ಮೂಲೆಯಲ್ಲಿದೆ. ಮಸೂತಿ ಇರುವ ರಸ್ತೆಗೆ ಇವತ್ತಿಗೂ ಓರಿಯೆಂಟಲ್ ರೋಡ್ ಅಂತಲೇ ಹೆಸರು. ಇನ್‌ಸ್ಟಿಟ್ಯೂಟ್ ಮಾತ್ರ ಇಲ್ಲ. 1899ರಲ್ಲಿ ಲೈಟ್ನರ್ ಸತ್ತ ಮೇಲೆ ಮುಚ್ಚಿತು, ಆ ಜಾಗ ವಿಮಾನ ಕಾರ್ಖಾನೆಯಾಯಿತು, ಈಗ ದೊಡ್ಡ ದೊಡ್ಡ ಅಂಗಡಿಗಳ ಸಾಲು.

ಒಳಗೆ ಹೋದರೆ, ನಮ್ಮ ಹಳೆಯ ಮನೆಯ ಪಡಸಾಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಸುಮಾರು 60 ಮಂದಿ ನಿಲ್ಲಬಹುದು. ವಿನ್ಯಾಸ ಮಾಡಿದ ವಿಲಿಯಂ ಐಸಾಕ್ ಚೇಂಬರ್ಸ್ ಇಂಗ್ಲಿಷಿನವನು. ಪುಸ್ತಕದ ಚಿತ್ರ ನೋಡಿ ಮೊಘಲ್ ಗುಮ್ಮಟ ಬರೆದವನು. ನೋಡಿದರೆ ಗೊತ್ತಾಗುತ್ತೆ, ಸ್ವಲ್ಪ ಮದುವೆ ಮಂಟಪದ ಸೆಟ್ಟಿಂಗಿನಂತೆ ಇದೆ. ಆದರೆ ಮುದ್ದಾಗಿದೆ. 2018ರಲ್ಲಿ ಇದನ್ನು ಗ್ರೇಡ್ ಒಂದು ಪಟ್ಟಿಗೆ ಸೇರಿಸಿದ್ದಾರೆ, ಅಂದರೆ ದೇಶದ ಅತಿ ಮುಖ್ಯ ಕಟ್ಟಡಗಳ ಸಾಲಿಗೆ.

ಅಲ್ಲಿ ಗೈಡ್ ಹೇಳಿದ ಒಂದು ಮಾತು ಕೇಳಿ ನಾನು ಕೂತುಬಿಟ್ಟೆ. ಮಸೂತಿಯ ದಿಕ್ಕು ಗೊತ್ತು ಮಾಡುವುದು ಹೇಗೆ ಎಂಬ ಪ್ರಶ್ನೆ ಬಂದಾಗ, ಪಿ ಅಂಡ್ ಓ ಹಡಗು ಕಂಪನಿಯ ಒಬ್ಬ ಕ್ಯಾಪ್ಟನ್ನನನ್ನು ವೋಕಿಂಗಿಗೆ ಕರೆಸಿ, ದಿಕ್ಸೂಚಿ ಹಿಡಿಸಿ, ಮಕ್ಕಾದ ದಿಕ್ಕನ್ನು ನೆಲದ ಮೇಲೆ ಗುರುತು ಹಾಕಿಸಿದರಂತೆ. ಅಷ್ಟು ಓದಿದ ಲೈಟ್ನರನೂ, ಅಂದಾಜಿನ ಮೇಲೆ ಹೋಗಲಿಲ್ಲ. ಸಮುದ್ರದ ಮೇಲೆ ದಿಕ್ಕು ತಪ್ಪದೆ ಹೋಗಿ ಬರುವವನನ್ನೇ ಕೇಳಿದ. ನನ್ನ ಜೇಬಿನಲ್ಲಿ ಆ ರಾತ್ರಿ ಫೋನು ಇತ್ತು. ಫೋನಿನಲ್ಲಿ ದಿಕ್ಸೂಚಿಯೂ ಇತ್ತು.

ಲೈಟ್ನರ್ ಸತ್ತ ಮೇಲೆ ಮಸೂತಿಗೆ ಹತ್ತು ಹನ್ನೆರಡು ವರ್ಷ ಬೀಗ. 1913ರಲ್ಲಿ ಲಾಹೋರಿನ ವಕೀಲ ಖ್ವಾಜಾ ಕಮಾಲುದ್ದೀನ್ ಬಂದು ಬಾಗಿಲು ತೆಗೆಸಿದರು. ಮುಂದಿನ ವರ್ಷವೇ ಮಹಾಯುದ್ಧ. ಇಲ್ಲಿಂದ ಕಥೆ ನಮ್ಮ ನರ್ಸುಗಳ ಕಡೆ ತಿರುಗುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೀನಿ.

1914ರ ಚಳಿಗಾಲದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳನ್ನು ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ತಂದರು. ಬ್ರೈಟನ್ ಊರಿನಲ್ಲಿ ರಾಯಲ್ ಪೆವಿಲಿಯನ್ ಅಂತ ಒಂದು ಹಳೆಯ ಅರಮನೆ ಇದೆ, ಹೊರಗೆಲ್ಲ ಹಿಂದೂಸ್ತಾನಿ ಗುಮ್ಮಟಗಳು, ಒಳಗೆ ಚೀನಾದ ಅಲಂಕಾರ. ಅದನ್ನು ಆಸ್ಪತ್ರೆ ಮಾಡಿದರು. ಅಕ್ಕಪಕ್ಕದ ಕಟ್ಟಡಗಳೂ ಸೇರಿ 700ಕ್ಕಿಂತ ಹೆಚ್ಚು ಹಾಸಿಗೆ. ರಾಜನೇ ತನ್ನ ಅರಮನೆ ಬಿಟ್ಟುಕೊಟ್ಟ ಅಂತ ಪ್ರಚಾರ ನಡೆಯಿತು, ಪೋಸ್ಟ್‌ಕಾರ್ಡ್ ಅಚ್ಚು ಹಾಕಿ ಹಂಚಿದರು. ನಿಜ ಏನೆಂದರೆ ವಿಕ್ಟೋರಿಯಾ ರಾಣಿ ಆ ಅರಮನೆಯನ್ನು 1850ರಲ್ಲೇ ಊರಿಗೆ ಮಾರಿಬಿಟ್ಟಿದ್ದಳು.

ಆಸ್ಪತ್ರೆಯ ವ್ಯವಸ್ಥೆ ಮಾತ್ರ ಸುಳ್ಳಲ್ಲ. ಜಾತಿ ಧರ್ಮಕ್ಕೆ ತಕ್ಕಂತೆ ಒಂಬತ್ತು ಅಡುಗೆಮನೆ. ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನಲ್ಲಿ. ನಮಾಜಿಗೆ ಹುಲ್ಲುಹಾಸಿನ ಒಂದು ಭಾಗ, ಸಿಖ್ಖರಿಗೆ ಡೇರೆ ಹಾಕಿ ಗುರುದ್ವಾರ. ಅರಮನೆಯ ದೊಡ್ಡ ಅಡುಗೆಮನೆಯನ್ನೇ ಆಪರೇಷನ್ ಥಿಯೇಟರ್ ಮಾಡಿದ್ದರು, ಅದರ ಫೋಟೋ ಗೈಡ್ ತೋರಿಸಿದರು. ನೀರು, ಬೆಳಕು, ಗಾಳಿ ಮೂರೂ ಚೆನ್ನಾಗಿರುವ ಕೋಣೆ ಅದೊಂದೇ ಇದ್ದಿರಬೇಕು. ಯಾರೋ ಹೆಡ್ ನರ್ಸ್ ಹೇಳಿಯೇ ಆ ಕೋಣೆ ಆರಿಸಿದ್ದಾರೆ ಅಂತ ನನಗೆ ಅನ್ನಿಸಿತು.

ಆದರೆ ಆ ನರ್ಸುಗಳು ಏನಾದರು? ಬಿಳಿ ಹೆಂಗಸರು ಕಪ್ಪು ಸಿಪಾಯಿಗಳನ್ನು ಮುಟ್ಟಿ ಆರೈಕೆ ಮಾಡುವುದು ಸೈನ್ಯದ ಅಧಿಕಾರಿಗಳಿಗೆ ಸಹಿಸಲಿಲ್ಲ. ಮೊದಲಿಗೆ ಬರೀ ಮೇಲ್ವಿಚಾರಣೆ ಮಾಡಿ, ಮೈ ಮುಟ್ಟುವ ಕೆಲಸವೆಲ್ಲ ಗಂಡು ಆರ್ಡರ್ಲಿಗಳು ಮಾಡಲಿ ಅಂದರು. 1915ರಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸಿಪಾಯಿ ಖುದಾದಾದ್ ಖಾನ್ ಹಾಸಿಗೆಯಲ್ಲಿರುವಾಗ ಪಕ್ಕದಲ್ಲಿ ಒಬ್ಬ ನರ್ಸ್ ನಿಂತ ಫೋಟೋ ಪತ್ರಿಕೆಯಲ್ಲಿ ಬಂತು. ಬರೀ ನಿಂತಿದ್ದಳು. ಅಷ್ಟಕ್ಕೇ ಗದ್ದಲವಾಗಿ ಭಾರತೀಯ ಆಸ್ಪತ್ರೆಗಳಿಂದ ಹೆಣ್ಣು ನರ್ಸುಗಳನ್ನು ವಾಪಸ್ ಕರೆಸಿದರು. ಬ್ರಾಕೆನ್‌ಹರ್ಸ್ಟ್ ಎಂಬ ಊರಿನ ಒಂದು ಆಸ್ಪತ್ರೆ ಮಾತ್ರ, ನಾವು ಕಳಿಸಲ್ಲ ಅಂತ ಹಟ ಹಿಡಿದು ನರ್ಸುಗಳನ್ನು ಉಳಿಸಿಕೊಂಡಿತು. ಅದರ ಮೇಟ್ರನ್ ಯಾರೋ ಗೊತ್ತಿಲ್ಲದೆಯೇ ನಾನು ಬಸ್ಸಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಪಕ್ಕದ ಅಜ್ಜಿ ನನ್ನನ್ನು ನೋಡಿದರು, ಆಮೇಲೆ ಅವರೂ ತಟ್ಟಿದರು. ನಿವೃತ್ತ ಸೂಲಗಿತ್ತಿ ನರ್ಸ್ ಅಂತೆ ಅವರು.

ಒಮ್ಮೆ ಯೋಚನೆ ಮಾಡಿ. ಮಂಡಿಯಲ್ಲಿ ಗುಂಡು ಹೊಕ್ಕು ಕೊಳೆಯುತ್ತಿರುವ ಹುಡುಗ. ನೀರು ಯಾವ ನಲ್ಲಿಯದು ಎಂಬ ಬಗ್ಗೆ ಅಷ್ಟು ಕಾಳಜಿ ಮಾಡಿದವರು, ನೋವಾದಾಗ ಕೈ ಹಿಡಿಯುವವಳನ್ನು ವಾರ್ಡಿನಿಂದ ಹೊರಗೆ ಕಳಿಸಿದರು.

ಅಲ್ಲಿ ಸತ್ತವರ ಮಾತಿಗೆ ಬರುತ್ತೀನಿ. ಹಿಂದೂ ಮತ್ತು ಸಿಖ್ ಸಿಪಾಯಿಗಳನ್ನು ಬ್ರೈಟನ್ನಿನ ಹೊರಗೆ ಪ್ಯಾಚಮ್ ಎಂಬಲ್ಲಿ ಗುಡ್ಡದ ಮೇಲೆ ದಹನ ಮಾಡಿದರು. 53 ಮಂದಿ. 1921ರಲ್ಲಿ ಅಲ್ಲಿ ಅಮೃತಶಿಲೆಯ ಛತ್ರಿ ಕಟ್ಟಿದರು, ಈಗಲೂ ಇದೆ. ಮುಸ್ಲಿಂ ಸಿಪಾಯಿಗಳ ದೇಹಗಳನ್ನು ವೋಕಿಂಗಿಗೆ ತಂದರು, ಯಾಕೆಂದರೆ ವಿಧಿ ಬಲ್ಲ ಇಮಾಮ್ ಇದ್ದದ್ದು ಅಲ್ಲಿ. ಮೊದಲಿಗೆ ಸರಿಯಾದ ಜಾಗವೇ ಇರಲಿಲ್ಲ. ಇಮಾಮ್ ಮೌಲ್ವಿ ಸದ್ರುದ್ದೀನ್ ಸರ್ಕಾರಕ್ಕೆ ಮೇಲಿಂದ ಮೇಲೆ ಬರೆದರು. ಅಷ್ಟರಲ್ಲಿ ಜರ್ಮನಿಯವರು, ಬ್ರಿಟಿಷರು ನಿಮ್ಮವರ ಹೆಣಗಳನ್ನು ಕ್ರಮ ತಪ್ಪಿ ಹೂಳುತ್ತಾರೆ ಅಂತ ಪ್ರಚಾರ ಶುರು ಮಾಡಿದ್ದರು. ಅವರೇನು ಕಡಿಮೆ, ಬರ್ಲಿನ್ನಿನ ಹತ್ತಿರ ವ್ಯುನ್ಸ್‌ಡಾರ್ಫಿನ ಕೈದಿಗಳ ಶಿಬಿರದಲ್ಲಿ 1915ರಲ್ಲಿ ಮರದ ಮಸೂತಿಯನ್ನೇ ಕಟ್ಟಿಸಿ, ಸೆರೆ ಸಿಕ್ಕ ಮುಸ್ಲಿಂ ಸೈನಿಕರನ್ನು ತಮ್ಮ ಕಡೆ ಸೆಳೆಯಲು ನೋಡುತ್ತಿದ್ದರು. ಆ ಭಯಕ್ಕೆ ಇಲ್ಲಿ ಕೆಲಸ ಬೇಗ ಆಯಿತು. ಹಾರ್ಸೆಲ್ ಕಾಮನ್ ಎಂಬ ಬಯಲಿನಲ್ಲಿ, ಇಟ್ಟಿಗೆ ಗೋಡೆ, ಸಣ್ಣ ಗುಮ್ಮಟದ ಬಾಗಿಲಿರುವ ಸ್ಮಶಾನ. 1917ಕ್ಕೆ ಮುಗಿಯಿತು.

(ಓದುವ ಹುಚ್ಚಿನ ನನ್ನ ತಮ್ಮನಿಗೆ: ಎಚ್. ಜಿ. ವೆಲ್ಸ್ ತನ್ನ 'ದಿ ವಾರ್ ಆಫ್ ದ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳ ಗ್ರಹದವರನ್ನು ಇಳಿಸಿದ್ದು ಇದೇ ಹಾರ್ಸೆಲ್ ಕಾಮನ್ನಿನಲ್ಲಿ. ಅವನು ಆಗ ವೋಕಿಂಗಿನಲ್ಲೇ ಇದ್ದ. ಅವರ ದಾಳಿಯಲ್ಲಿ ಮಸೂತಿಯ ಶಿಖರವೂ ಹಾರಿಹೋಗುತ್ತದೆ. ಕಾದಂಬರಿಯಲ್ಲಿ ಮಾತ್ರ. ನಾನು ಕಣ್ಣಾರೆ ನೋಡಿ ಬಂದಿದ್ದೀನಿ, ಇದೆ.)

ಈಗ ಅಲ್ಲಿ ಗೋರಿಗಳಿಲ್ಲ. ಕಿಡಿಗೇಡಿಗಳು ಒಡೆದು ಹಾಳು ಮಾಡಲು ಶುರು ಮಾಡಿದ್ದರಿಂದ 1960ರ ದಶಕದ ಕೊನೆಗೆ ಎಲ್ಲವನ್ನೂ ಹತ್ತಿರದ ಬ್ರುಕ್‌ವುಡ್ ಸೈನಿಕ ಸ್ಮಶಾನಕ್ಕೆ ಸಾಗಿಸಿದರು. ಸತ್ತವರಿಗೆ ಎರಡನೇ ಸಲ ವರ್ಗಾವಣೆ. ಗೋಡೆ ಬಾಗಿಲು ಪಾಳು ಬಿದ್ದು, 2015ರಲ್ಲಿ ರಿಪೇರಿಯಾಗಿ ಶಾಂತಿ ತೋಟವಾಗಿದೆ. ನಡುವೆ ನೀರಿನ ಕಾಲುವೆ, ಎರಡೂ ಯುದ್ಧಗಳಲ್ಲಿ ಸತ್ತು ಇಲ್ಲಿದ್ದ 27 ಸಿಪಾಯಿಗಳ ಲೆಕ್ಕಕ್ಕೆ 27 ಮರ. ಬಿಳಿ ತೊಗಟೆಯ ಆ ಮರ ಯಾವುದು ಅಂತ ಕೇಳಿದೆ. ಹಿಮಾಲಯದ ಬರ್ಚ್ ಅಂದರು. ಹಾಗಂದರೆ ನಮ್ಮ ಭೂರ್ಜ! ಹಳೆಯ ಕಾಲದಲ್ಲಿ ಕಾಶ್ಮೀರದವರು ಪುಸ್ತಕ ಬರೆಯುತ್ತಿದ್ದದ್ದು ಇದರ ತೊಗಟೆಯ ಮೇಲೆ. ನಾನು ಒಂದು ಮರದ ತೊಗಟೆ ಮುಟ್ಟಿ ನೋಡಿದೆ, ಸುಟ್ಟ ಗಾಯ ಮಾಯುವಾಗ ಏಳುವ ಪದರದ ಹಾಗೆ ತೆಳ್ಳಗೆ ಸುಲಿದು ಬರುತ್ತೆ.

ಬ್ರುಕ್‌ವುಡ್ಡಿಗೆ ಹೋಗುವಾಗ ಮಳೆ ಶುರುವಾಯಿತು. ಇದು ಬಹಳ ದೊಡ್ಡ ಸ್ಮಶಾನ, 1854ರಲ್ಲಿ ತೆರೆದದ್ದು. ಲಂಡನ್ನಿನಲ್ಲಿ ಹೂಳಲು ಜಾಗವಿಲ್ಲದೆ, ವಾಟರ್ಲೂನಿಂದ ಹೆಣಗಳಿಗೇ ಅಂತ ವಿಶೇಷ ರೈಲು ಓಡಿಸುತ್ತಿದ್ದರು. ಲೈಟ್ನರನ ಸಮಾಧಿಯೂ ಇಲ್ಲೇ. ಕುರಾನನ್ನು ಇಂಗ್ಲಿಷಿಗೆ ತಂದವರಲ್ಲಿ ಹೆಸರಾದ ಇಬ್ಬರು ಇಲ್ಲಿ ಮಲಗಿದ್ದಾರೆ. ಒಬ್ಬರು ಮಾರ್ಮಡ್ಯೂಕ್ ಪಿಕ್ತಾಲ್, ಪಾದ್ರಿಯ ಮಗ. ಮತಾಂತರಗೊಂಡ ಮೇಲೆ ಮುಂಬೈಯಲ್ಲಿ ಪತ್ರಿಕೆಯ ಸಂಪಾದಕ, ಆಮೇಲೆ ಹತ್ತು ವರ್ಷ ಹೈದರಾಬಾದ್ ನಿಜಾಮನ ಸೇವೆ. ಅವರ ಅನುವಾದ 1930ರಲ್ಲಿ ಬಂತು, 1936ರಲ್ಲಿ ತೀರಿಕೊಂಡರು.

ಇನ್ನೊಬ್ಬರು ಅಬ್ದುಲ್ಲಾ ಯೂಸುಫ್ ಅಲಿ. ಇವರ ಗೋರಿಯ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತೆ. 1872ರಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, ಐಸಿಎಸ್ ಪಾಸು ಮಾಡಿದವರು. ಜಗತ್ತಿನಲ್ಲಿ ಇಂಗ್ಲಿಷ್ ಬಲ್ಲ ಎಷ್ಟು ಮುಸ್ಲಿಂ ಮನೆಗಳಲ್ಲಿ ಇವರ ಕುರಾನ್ ಅನುವಾದ ಇದೆಯೋ ಲೆಕ್ಕವಿಲ್ಲ. ಸಂಸಾರ ಮುರಿಯಿತು, ಮಕ್ಕಳು ದೂರವಾದರು. ಡಿಸೆಂಬರ್ 1953ರ ಚಳಿಯಲ್ಲಿ, 81ನೇ ವಯಸ್ಸಿನಲ್ಲಿ, ಲಂಡನ್ನಿನ ಒಂದು ಮನೆಯ ಮೆಟ್ಟಿಲ ಮೇಲೆ ಗೊಂದಲಗೊಂಡು ಕೂತಿದ್ದ ಮುದುಕನನ್ನು ಪೊಲೀಸರು ಎತ್ತಿ ಆಸ್ಪತ್ರೆಗೆ ಸೇರಿಸಿದರು. ಮರುದಿನ ಬಿಟ್ಟರು, ವೃದ್ಧಾಶ್ರಮ ಸೇರಿದರು, ಅಲ್ಲಿ ಹೃದಯಾಘಾತ, ಮತ್ತೆ ಆಸ್ಪತ್ರೆ, ಸಾವು. ಬಂಧುಗಳು ಯಾರೂ ಬರಲಿಲ್ಲ. ಕೊನೆಗೆ ಪಾಕಿಸ್ತಾನದ ಹೈಕಮಿಷನ್ ಅಂತ್ಯಕ್ರಿಯೆ ಮಾಡಿಸಿತು.

ನಾವು ನರ್ಸುಗಳು ರೋಗಿ ತೀರಿಕೊಂಡಾಗ ಅವರ ಸಾಮಾನಿನ ಪಟ್ಟಿ ಬರೆಯುತ್ತೇವೆ. ಕನ್ನಡಕ ಒಂದು, ಕೈಗಡಿಯಾರ ಒಂದು, ಚಪ್ಪಲಿ ಒಂದು ಜೊತೆ. ಸಹಿ ಮಾಡುವುದು ಇಬ್ಬರು. ಆ ದಿನ ಆ ಪಟ್ಟಿ ಬರೆದವಳಿಗೆ ಇವರು ಯಾರು ಅಂತ ಗೊತ್ತಿತ್ತೇ? ನನ್ನ ಆ ರೋಗಿಯ ಪಟ್ಟಿಯಲ್ಲಿ ಒಂದು ಟೋಪಿ, ಒಂದು ತಸ್ಬಿ, ನಾಲ್ಕು ಪೌಂಡ್ ಇಪ್ಪತ್ತು ಪೆನ್ಸ್ ಇತ್ತು. ಒಂಬತ್ತು ದಿನ ಶವಾಗಾರದಲ್ಲಿದ್ದರು. ಧರ್ಮಗುರುಗಳೇ ಮಸೂತಿಯವರನ್ನು ಹಿಡಿದು ಮಣ್ಣು ಮಾಡಿಸಿದರು. ಮುಸ್ಲಿಮರ ಗೋರಿಯಲ್ಲಿ ದೇಹವನ್ನು ಬಲಮಗ್ಗುಲಾಗಿ, ಮುಖ ಮಕ್ಕಾ ಕಡೆ ಇರುವಂತೆ ಮಲಗಿಸುತ್ತಾರೆ ಅಂತ ಗೈಡ್ ವಿವರಿಸುತ್ತಿದ್ದರು. ಹಾಗಾದರೆ ಅಲ್ಲಿ ಸರಿಯಾಗಿರಬೇಕು ಅಂದುಕೊಂಡೆ. ಮಳೆ ಬರುತ್ತಿತ್ತಲ್ಲ, ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ.

ಮಧ್ಯಾಹ್ನಕ್ಕೆ ಪೂರ್ವ ಲಂಡನ್. ಊಟ ಬಿರಿಯಾನಿ, ಹೇಳುವಂಥದ್ದೇನಲ್ಲ. ಬ್ರಿಕ್ ಲೇನ್ ಮಸೂತಿ ಮಾತ್ರ ನೋಡಲೇಬೇಕಾದದ್ದು. ಹೊರಗಿನಿಂದ ಮಸೂತಿ ಅನ್ನಿಸುವುದೇ ಇಲ್ಲ, ಹಳೆಯ ಇಟ್ಟಿಗೆ ಕಟ್ಟಡ. 1743ರಲ್ಲಿ ಕಟ್ಟಿದ್ದು ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ಪ್ರಾಟೆಸ್ಟೆಂಟರು, ರೇಷ್ಮೆ ನೇಯುವವರು. ಅವರ ಚರ್ಚು. 1819ರಿಂದ ಮೆಥಡಿಸ್ಟರದು. 1898ರಲ್ಲಿ ಪೂರ್ವ ಯೂರೋಪಿನಿಂದ ಬಂದ ಯಹೂದಿಗಳ ಸಿನಗಾಗ್ ಆಯಿತು. ಅವರೂ ಸ್ವಲ್ಪ ಸ್ವಲ್ಪವಾಗಿ ಬೇರೆ ಕಡೆ ಹೋದರು. 1976ರಲ್ಲಿ ಬಾಂಗ್ಲಾದೇಶದ ಸಿಲ್ಹೆಟ್‌ನವರು ಕೊಂಡು ಮಸೂತಿ ಮಾಡಿದರು. ಗೋಡೆಯ ಮೇಲೆ ಎತ್ತರದಲ್ಲಿ ಫ್ರೆಂಚರು ಇಟ್ಟ ನೆರಳು ಗಡಿಯಾರ ಹಾಗೇ ಇದೆ. ನಾವು ಬರೀ ನೆರಳು ಎಂಬ ಅರ್ಥದ ಲ್ಯಾಟಿನ್ ಮಾತು ಅದರ ಮೇಲಿದೆ. ಬಂದವರು ಯಾರೂ ಅದನ್ನು ಕೆತ್ತಿ ತೆಗೆಯಲಿಲ್ಲ. ಮಳೆ ನಿಂತರೂ ಬಿಸಿಲಿರಲಿಲ್ಲ, ಗಂಟೆ ಎಷ್ಟು ಅಂತ ಅದು ನಮಗೆ ಹೇಳಲಿಲ್ಲ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಈಸ್ಟ್ ಲಂಡನ್ ಮಸೂತಿ. 1910ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಸೈಯದ್ ಅಮೀರ್ ಅಲಿ ಮತ್ತಿತರರು ಲಂಡನ್ನಿನಲ್ಲಿ ಮಸೂತಿಗೆಂದು ನಿಧಿ ಶುರು ಮಾಡಿದರು. ಮೂರು ಮನೆಗಳನ್ನು ಕೊಂಡು ಬಾಗಿಲು ತೆಗೆದದ್ದು 1941ರಲ್ಲಿ, ಈಗಿನ ದೊಡ್ಡ ಕಟ್ಟಡ 1985ರದು. ಅಂದರೆ ಚಂದಾ ಎತ್ತಲು ಶುರು ಮಾಡಿ ಸ್ವಂತ ಗುಮ್ಮಟ ಏರಲು 75 ವರ್ಷ. ನಮ್ಮ ಓಣಿ ಹನುಮಪ್ಪನ ಗುಡಿ ಕಟ್ಟಡ ಇಪ್ಪತ್ತು ವರ್ಷ ಆಯಿತು ಅಂತ ಬೇಜಾರಾಗಬೇಡಿ. ಇದರ ಹತ್ತಿರದಲ್ಲೇ ರಾಯಲ್ ಲಂಡನ್ ಆಸ್ಪತ್ರೆ. ಮೊದಲ ಯುದ್ಧದಲ್ಲಿ ಜರ್ಮನ್ನರು ಗುಂಡಿಟ್ಟು ಕೊಂದ ನರ್ಸ್ ಎಡಿತ್ ಕ್ಯಾವೆಲ್ ತರಬೇತಿ ಪಡೆದದ್ದು ಅಲ್ಲಿ. ಎಲ್ಲರೂ ಮಸೂತಿಯ ಫೋಟೋ ತೆಗೆಯುವಾಗ ನಾನು ತಿರುಗಿ ನಿಂತು ಆಸ್ಪತ್ರೆಯ ಫೋಟೋ ತೆಗೆದೆ.

ಸಂಜೆ ಐದೂವರೆಗೆ ಕೇಂಬ್ರಿಜ್. ಇದು ಹೊಸದು, 2019ರಲ್ಲಿ ತೆರೆದದ್ದು. ಖರ್ಚು 2.3 ಕೋಟಿ ಪೌಂಡ್, ಒಂದು ಸಾವಿರ ಮಂದಿಗೆ ಜಾಗ. ವಿನ್ಯಾಸ ಮಾಡಿದ್ದು ಲಂಡನ್ ಐ ಎಂಬ ದೊಡ್ಡ ಚಕ್ರ ಕಟ್ಟಿದ ಮಾರ್ಕ್ಸ್ ಬಾರ್ಫೀಲ್ಡ್ ದಂಪತಿಯ ಸಂಸ್ಥೆ. ಮಸೂತಿ ಮುಗಿಯುವ ಮುಂಚೆಯೇ, 2017ರಲ್ಲಿ ಡೇವಿಡ್ ಮಾರ್ಕ್ಸ್ ತೀರಿಕೊಂಡರು. ಮೀನಾರು ಇಲ್ಲ. ಬೀದಿಯಿಂದ ನೋಡಿದರೆ ಮೊದಲು ಕಾಣುವುದು ಹೂತೋಟ. ಮಳೆ ನೀರು ಹಿಡಿದು ತೋಟಕ್ಕೂ ಪಾಯಿಖಾನೆಗೂ ಬಳಸುತ್ತಾರೆ. ಒಳಗೆ ಹೋದರೆ ಕಾಡು. ಮರದ ಕಂಬಗಳು ಮೇಲೆ ಹೋಗುತ್ತಾ ಕವಲೊಡೆದು, ಕವಲುಗಳು ಒಂದಕ್ಕೊಂದು ಹೆಣೆದು ಚಾವಣಿಯಾಗಿವೆ. ನಡುನಡುವೆ ಗಾಜಿನಿಂದ ಬೆಳಕು ಬೀಳುತ್ತೆ. ಎಲ್ಲ ಸ್ಪ್ರೂಸ್ ಮರವನ್ನು ಬಗ್ಗಿಸಿ ಅಂಟಿಸಿದ್ದು.

ಈ ಹೆಣಿಗೆಯ ಲೆಕ್ಕ ಹಾಕಿದವರು ಕೀತ್ ಕ್ರಿಚ್ಲೋ ಎಂಬ ರೇಖಾಗಣಿತದ ಪಂಡಿತರು. ಗೈಡ್ ಒಂದು ಕಾಗದದ ಮೇಲೆ ಬರೆದು ತೋರಿಸಿದರು: ಒಂದು ಚೌಕ, ಅದರ ಮೇಲೆ ಓರೆಯಾಗಿ ತಿರುಗಿಸಿದ ಇನ್ನೊಂದು ಚೌಕ, ಎಂಟು ಮೂಲೆಯ ನಕ್ಷತ್ರ. ಕಾಕಾ, ಆ ಚಿತ್ರ ನೋಡಿದ ತಕ್ಷಣ ನನಗೆ ಗೊತ್ತಾಯಿತು, ಇದು ನಮ್ಮ ಗೋಳಗುಮ್ಮಟದ ಲೆಕ್ಕ! ಅಷ್ಟು ದೊಡ್ಡ ಗುಮ್ಮಟ ನಡುವೆ ಒಂದೂ ಕಂಬವಿಲ್ಲದೆ ನಿಂತಿರುವುದು ಹೇಗೆ? ಎರಡು ಚೌಕ ಒಂದರ ಮೇಲೊಂದು ತಿರುಗಿಸಿಟ್ಟಂತೆ ಎಂಟು ಕಮಾನುಗಳು ಒಂದನ್ನೊಂದು ದಾಟಿ, ನಾಲ್ಕು ಗೋಡೆಯ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಿಸಲು ಪೀಠ ಮಾಡಿಕೊಡುತ್ತವೆ. ಅದೇ ಉಪಾಯವನ್ನು ಅದಕ್ಕೂ ಮೊದಲೇ ನಮ್ಮ ಜಾಮಿ ಮಸೂತಿಯ ಗುಮ್ಮಟದಲ್ಲಿ ಮಾಡಿದ್ದಾರೆ, ಮೊದಲನೇ ಅಲಿ ಆದಿಲ್‌ಶಾಹನ ಕಾಲದಲ್ಲಿ, ತಾಳಿಕೋಟೆ ಯುದ್ಧದ ನಂತರದ ವರ್ಷಗಳಲ್ಲಿ. ಅಲ್ಲಿ ಕಲ್ಲು ಗಾರೆ, ಇಲ್ಲಿ ಮರ ಅಂಟು. ನಾನು ಗೈಡಿಗೆ ಫೋನಿನಲ್ಲಿ ಗೋಳಗುಮ್ಮಟದ ಒಳಗಿನ ಫೋಟೋ ತೋರಿಸಿದೆ. ಆಕೆ ಎಲ್ಲರನ್ನೂ ಕರೆದು, ಇವರ ಊರು ನೋಡಿ ಅಂದರು. ಇಪ್ಪತ್ತೈದು ಮಂದಿ ನನ್ನ ಫೋನಿನ ಸುತ್ತ. ವಿಜಾಪುರದ ಬಗ್ಗೆ ಐದು ನಿಮಿಷ ಮಾತಾಡಿದೆ. ಆಮೇಲೆ ಯಾರೋ ಜಾಮಿ ಮಸೂತಿಯ ಒಳಗೆ ಹೇಗಿದೆ ಅಂತ ಕೇಳಿದರು. ಬಂಗಾರದ ಬಣ್ಣದ ಮಿಹರಾಬು ಇದೆ, ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಅಂತ ಎರಡು ಸಾವಿರಕ್ಕೂ ಮೀರಿ ಚೌಕ ಗುರುತು ಮಾಡಿದ್ದಾರೆ ಅಂತ ಓದಿದ್ದು ಹೇಳಿದೆ. ನೋಡಿದ್ದೀರಾ ಅಂದರು. ಇಲ್ಲ ಅಂದೆ.

ಸಂಜೆಯ ನಮಾಜಿಗೆ ಜನ ಬರತೊಡಗಿದರು. ನಾವು ಹಿಂದೆ ಗೋಡೆಗೆ ಒರಗಿ ಕೂತೆವು. ನಾನು ಸದ್ದಿಲ್ಲದೆ ಫೋನು ತೆಗೆದು ದಿಕ್ಸೂಚಿ ನೋಡಿದೆ. 118, 119ರ ನಡುವೆ ಅಲುಗಾಡುತ್ತಿತ್ತು. ಸಾಲಿನಲ್ಲಿ ನಿಂತವರ ಬೆನ್ನು ಸರಿಯಾಗಿ ಆ ಗೆರೆಯ ಮೇಲಿತ್ತು. ಈಗ ನಮ್ಮ ವಾರ್ಡಿನ ಔಷಧಿ ಕೋಣೆಯ ಬಾಗಿಲ ಒಳಗೆ ಒಂದು ಸಣ್ಣ ಚೀಟಿ ಅಂಟಿಸಿದ್ದೀನಿ. ಪ್ರತಿ ಹಾಸಿಗೆಯ ನಂಬರು, ಅದರ ಮುಂದೆ ಬಾಣದ ಗುರುತು. ಏಳನೇ ಹಾಸಿಗೆಗೆ ತಲೆ ಸ್ವಲ್ಪ ಎಡಕ್ಕೆ ತಿರುಗಿಸಿದರೆ ಸಾಕು. ಹೊಸ ಹುಡುಗಿಯರು ಇದೇನು ಅಂತ ಕೇಳುತ್ತಾರೆ, ಹೇಳುತ್ತೀನಿ.

ಕಾಕಾ, ಡಿಸೆಂಬರದಾಗ ಮೂರು ವಾರ ರಜಾ ಸಿಕ್ಕದ. ಶುಕ್ರವಾರ ಬ್ಯಾಡ, ಗದ್ದಲ ಇರ್ತದ. ಒಂದಿನ ಮುಂಜಾನೆ ಸ್ಕೂಟರ್ ತಗೊಂಡ್ ಬಾ, ಜಾಮಿ ಮಸೂತಿಗೆ ಇಬ್ರೂ ಹೋಗೂಣು. ಬರೂವಾಗ ಗಿರಮಿಟ್ ನನ್ನ ಲೆಕ್ಕದಾಗ.

ಮುಂದಿನ ವಾರ ಪೂರ್ತಿ ನೈಟ್ ಡ್ಯೂಟಿ, 18ನೇ ಕಂತು ತಡವಾಗಬಹುದು.